ಟ್ಯೂಬ್‌ಲೆಸ್ ಮಾಡಿಸೋರೇ ಎಚ್ಚರ: ರಿಮ್ ಟೇಪ್ ಅಂತ ಬಿಲ್ ಹಾಕಿ ಇನ್ಸುಲೇಷನ್ ಟೇಪ್ ಸುತ್ತಿ ಕಳಿಸ್ತಾರೆ

ಸೈಕಲ್ ಟಯರನ್ನ ಟ್ಯೂಬ್‌ಲೆಸ್ ಮಾಡಿಸ್ಬೇಕು ಅಂತಿರೋರು ದುಡ್ಡು ಕೊಡೋ ಮುಂಚೆ ಇದನ್ನ ಓದಿ. ಟ್ಯೂಬ್‌ಲೆಸ್ ಅಂದ್ರೆ ಒಳಗೆ ಟ್ಯೂಬ್ ಇಲ್ಲ, ರಿಮ್ಮಿನ ಕಡ್ಡಿ ತೂತುಗಳನ್ನ ಟೇಪಿನಿಂದ ಮುಚ್ಚಿ, ಸಣ್ಣ ತೂತು ಮುಚ್ಚೋ ದ್ರವ (ಸೀಲೆಂಟ್) ಹಾಕಿ ಟಯರಿನಲ್ಲೇ ಗಾಳಿ ನಿಲ್ಲಿಸೋದು. ಬೆಂಗಳೂರಿನ ಒಂದು ಅಂಗಡಿ. ರಸ್ತೆ ಬದಿ ಪಂಕ್ಚರ್ ಅಂಗಡಿ ಅಲ್ಲ, ದುಬಾರಿ ಸೈಕಲ್ ಮಾರೋ ಅಂಗಡಿ. ನನ್ನ ಸೈಕಲ್ಲಿನ ಎರಡು ಚಕ್ರಕ್ಕೆ ನಾಲ್ಕು ಸಾವಿರದ ಹತ್ತಿರ ತಗೊಂಡು ಅವರು ಒಳಗೆ ಹಾಕಿ ಕಳಿಸಿದ್ದು ಏನು ಗೊತ್ತಾ? ಕರೆಂಟ್ ವೈರಿಗೆ ಸುತ್ತೋ ಕಪ್ಪು ಇನ್ಸುಲೇಷನ್ ಟೇಪ್. ಅದರ ಮೇಲೆ ಸ್ಕೂಟರ್ ಟಯರಿಗೆ ಹಾಕೋ ಹಸಿರು ಸೀಲೆಂಟ್. ಬಿಲ್ಲಲ್ಲಿ ಮಾತ್ರ "ಟ್ಯೂಬ್‌ಲೆಸ್ ರಿಮ್ ಟೇಪ್ 2", "ಲ್ಯಾಟೆಕ್ಸ್ ಸೀಲೆಂಟ್ 120 ಎಂಎಲ್". ಬರೆದಿದ್ದೊಂದು, ಹಾಕಿದ್ದೊಂದು.

ನಾನು ಕೊಟ್ಟಿದ್ದು 700×40 (40 ಮಿ.ಮೀ. ಅಗಲದ) ಟಯರ್, ಟ್ಯೂಬ್‌ಲೆಸ್ ರೆಡಿ ಅಂತ ಪಕ್ಕದಲ್ಲೇ ಅಚ್ಚಾಗಿದೆ. ರಿಮ್ಮೂ ಟ್ಯೂಬ್‌ಲೆಸ್ ರೆಡಿ, ಒಳಗಿನ ಅಗಲ 21 ಮಿ.ಮೀ. ಹಳೇ ರಿಮ್ಮಿಗೆ ಒದ್ದಾಡಿಕೊಂಡು ಮಾಡೋ ಕೆಲಸ ಅಲ್ಲವೇ ಅಲ್ಲ. 25 ಮಿ.ಮೀ. ಟೇಪು, ಎರಡು ವಾಲ್ವು, ಒಂದೊಂದು ಚಕ್ರಕ್ಕೆ 60 ಎಂಎಲ್ ಸೀಲೆಂಟ್, ಮುಗೀತು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಮಣ್ಣುದಾರಿಯಲ್ಲಿ ಬಳ್ಳಾರಿ ಜಾಲಿ, ನೆಗ್ಗಿಲು ಮುಳ್ಳು ಚುಚ್ಚಿಸಿಕೊಂಡು ಟ್ಯೂಬ್ ಬದಲಾಯಿಸಿ ಸಾಕಾದವರೇ ಟ್ಯೂಬ್‌ಲೆಸ್‌ಗೆ ಬರೋದು. ಅದು ಅಂಗಡಿಯವರಿಗೂ ಗೊತ್ತು, ಕೇಳಿದಷ್ಟು ಕೊಡ್ತಾರೆ ಅಂತಾನೂ ಗೊತ್ತು.

ಕೈಗೆ ಕೊಡುವಾಗ ಗಾಳಿ ಗಟ್ಟಿಯಾಗೇ ಇತ್ತು. ರಾತ್ರಿ 40 ಪಿಎಸ್‌ಐ, ಬೆಳಿಗ್ಗೆ ಎದ್ದು ನೋಡಿದ್ರೆ ರಿಮ್ಮು ನೆಲಕ್ಕೆ ಕೂತಿದೆ. ಮತ್ತೆ ಹೊಡೆದ್ರೂ ಅದೇ ಕತೆ. ಫೋನ್ ಮಾಡಿದ್ರೆ, "ಹೊಸದ್ರಲ್ಲಿ ಹಂಗೇ ಸರ್. ನಾಲ್ಕ್ ದಿನ ಓಡ್ಸಿ, ಸೆಟ್ ಆಗುತ್ತೆ."

ಈ ಮಾತು ಯಾಕೆ ನಂಬಿಕೆ ಬರೋ ಹಾಗಿದೆ ಅಂದ್ರೆ ಇದರಲ್ಲಿ ಅರ್ಧ ನಿಜ ಇದೆ. ಹೊಸ ಟ್ಯೂಬ್‌ಲೆಸ್ ಟಯರಿನ ಪಕ್ಕದ ಗೋಡೆಯಲ್ಲಿ ಕಣ್ಣಿಗೆ ಕಾಣದಂಥ ತೂತುಗಳಿರುತ್ತವೆ. ಮೊದಲ ಒಂದೆರಡು ದಿನ ಅಲ್ಲಿಂದ ಸೀಲೆಂಟ್ ಬೆವರಿನ ಹಾಗೆ ಹನಿ ಹನಿಯಾಗಿ ಕಾಣುತ್ತೆ, ಒಂದಿಷ್ಟು ಗಾಳಿ ಇಳಿಯುತ್ತೆ. ಚಕ್ರವನ್ನ ಬಕೆಟ್ ಮೇಲೆ ಅಡ್ಡ ಮಲಗಿಸಿ, ಸ್ವಲ್ಪ ಹೊತ್ತು ಬಿಟ್ಟು ಮಗುಚಿ ಹಾಕಿದ್ರೆ ಎರಡೂ ಕಡೆ ಸೀಲೆಂಟ್ ಹರಡಿ ನಿಲ್ಲುತ್ತೆ. ಆದ್ರೆ ಅದು ಇಳಿಯೋದು ದಿನಕ್ಕೆ ಕೆಲವು ಪಿಎಸ್‌ಐ. ರಾತ್ರಿ ಕಳೆಯೋದರೊಳಗೆ 40 ಇದ್ದಿದ್ದು ಸೊನ್ನೆ ಆಗೋದು "ಸೆಟ್ ಆಗೋ" ಲಕ್ಷಣ ಅಲ್ಲ, ಒಳಗೆ ಏನೋ ಕೆಟ್ಟಿದೆ ಅಂತ.

ಎರಡನೇ ಸಲ ಸೈಕಲ್ ತಗೊಂಡು ಹೋದಾಗ, "ನಿಮ್ ಟಯರ್ ಸೀಲೆಂಟ್ ಜಾಸ್ತಿ ಕುಡೀತಿದೆ ಸರ್. ಇನ್ನೊಂದ್ ಸ್ವಲ್ಪ ಹಾಕಣ." ಅದಕ್ಕೆ ಬೇರೆ ದುಡ್ಡು. ಹಾಕಿದ್ರು, ದುಡ್ಡೂ ತಗೊಂಡ್ರು. ಹೇಳ್ಕೊಳ್ಳೋಕೆ ಅವಮಾನ ಆಗುತ್ತೆ, ಆದ್ರೂ ಹೇಳ್ತೀನಿ, ಇನ್ನೊಬ್ಬರು ಕೊಡಬಾರದು ಅಂತ. ಸೀಲೆಂಟ್ ಎಷ್ಟು ಕುಡಿದ್ರೂ ಆ ಚಕ್ರದಲ್ಲಿ ಗಾಳಿ ನಿಲ್ಲೋ ಹಾಗೇ ಇರಲಿಲ್ಲ. ಯಾಕಂದ್ರೆ ಸೋರ್ತಿದ್ದಿದ್ದು ಟಯರ್ ಅಲ್ಲ. ಟೇಪು.

ಅದು ಗೊತ್ತಾಗೋಕೆ ಯಾವ ದೊಡ್ಡ ಸಲಕರಣೆನೂ ಬೇಡ. ಪಾತ್ರೆ ತೊಳೆಯೋ ಲಿಕ್ವಿಡ್ಡು, ನೀರು, ಒಂದು ಬ್ರಷ್ಷು. ಗಾಳಿ ಗಟ್ಟಿ ಹೊಡೆದು ಮೊದಲು ವಾಲ್ವಿನ ತುದಿಗೆ ಹಚ್ಚಿ, ಗುಳ್ಳೆ ಬಂದ್ರೆ ಕೋರ್ (ವಾಲ್ವಿನೊಳಗೆ ಗಾಳಿ ತಡೆಯೋ ಸಣ್ಣ ಭಾಗ) ಸಡಿಲ ಅಥವಾ ಕೋರಿನಲ್ಲಿ ಲ್ಯಾಟೆಕ್ಸ್ ಗಟ್ಟಿಯಾಗಿ ಸಿಕ್ಕಿಕೊಂಡಿದೆ. ಕೋರ್ ಬದಲಾಯಿಸಿದ್ರೆ ಆಯ್ತು, ತೀರಾ ಕಡಿಮೆ ಖರ್ಚು. ಆಮೇಲೆ ಟಯರೂ ರಿಮ್ಮೂ ಸೇರೋ ಅಂಚಿಗೆ ಸುತ್ತ ಹಚ್ಚಿ, ಅಲ್ಲಿ ಬಂದ್ರೆ ಬೀಡ್ (ರಿಮ್ಮಿಗೆ ಕೂರೋ ಟಯರಿನ ಗಟ್ಟಿ ಅಂಚು) ಸರಿಯಾಗಿ ಕೂತಿಲ್ಲ. ಕೊನೆಗೆ ಕಡ್ಡಿಗಳು ರಿಮ್ಮಿಗೆ ಸೇರೋ ಜಾಗ, ನಿಪ್ಪಲಿನ ಸುತ್ತ. ಅಲ್ಲಿ ಗುಳ್ಳೆ ಎದ್ದರೆ ಟೇಪ್ ಹೋಗಿದೆ, ಇಲ್ಲಾ ವಾಲ್ವಿನ ರಬ್ಬರ್ ಬುಡ ಟೇಪಿನ ಮೇಲೆ ಸರಿಯಾಗಿ ಕೂತಿಲ್ಲ. ಗುಳ್ಳೆ ಬಂದ ಕಡ್ಡಿಯ ನೇರಕ್ಕೇ ಟೇಪ್ ಕಿತ್ತಿರುತ್ತೆ ಅಂತ ತಿಳ್ಕೋಬೇಡಿ. ಟೇಪಿನ ಕೆಳಗೆ ನುಗ್ಗಿದ ಗಾಳಿ ರಿಮ್ಮಿನ ಪೊಳ್ಳಿನಲ್ಲೆಲ್ಲ ಓಡಾಡಿ ಎಲ್ಲಿ ಸಂದು ಸಿಗುತ್ತೋ ಅಲ್ಲಿ ಹೊರಗೆ ಬರುತ್ತೆ. ಕಡ್ಡಿ ತೂತಿನಿಂದ ಬರಬಹುದು, ವಾಲ್ವಿನ ನಟ್ಟಿನ ಬುಡದಿಂದ ಬರಬಹುದು, ರಿಮ್ಮಿನ ಬೆಸುಗೆ ಜಾಗದಿಂದಲೂ ಬರಬಹುದು. ಅದಕ್ಕೇ ಟೇಪ್ ಹೋದರೆ ತೇಪೆ ಹಾಕೋ ಮಾತು ಬೇಡ, ಪೂರ್ತಿ ಕಿತ್ತು ಹೊಸದು ಸುತ್ತಬೇಕು.

ಇಲ್ಲಿ ಎಲ್ಲೆಲ್ಲಿ ನೋಡಿದ್ರೂ ಕಡ್ಡಿ ಬುಡದಲ್ಲೇ ಗುಳ್ಳೆ. ಚಕ್ರ ತಿರುಗಿಸಿದ್ರೆ ರಿಮ್ಮಿನ ಒಳಗಿಂದ ಬುಳಕ್ ಬುಳಕ್ ಅಂತ ಸದ್ದು. ಎರಡನೇ ಸಲ ದುಡ್ಡು ಕೊಟ್ಟು ಹಾಕಿಸಿದ ಸೀಲೆಂಟ್ ಟಯರಿನಲ್ಲಿ ಇರಲೇ ಇಲ್ಲ, ಟೇಪಿನ ಕೆಳಗೆ ಇಳಿದು ರಿಮ್ಮಿನ ಹೊಟ್ಟೆ ಸೇರಿತ್ತು.

ಟಯರ್ ಬಿಚ್ಚಿದ್ಮೇಲೆ ಕಂಡಿದ್ದು ಇದು. ಹಾರ್ಡ್‌ವೇರ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗೋ ಕಪ್ಪು ಇನ್ಸುಲೇಷನ್ ಟೇಪು, 18 ಮಿ.ಮೀ. ಅಗಲ. ರಿಮ್ ಒಳಗೆ 21. ಎರಡೂ ಅಂಚಿನಲ್ಲಿ ಅಲ್ಯುಮಿನಿಯಂ ಬೆಳ್ಳಗೆ ಕಾಣ್ತಾ ಇದೆ! ಪ್ರತಿ ಕಡ್ಡಿ ತೂತಿನ ಮೇಲೂ ಟೇಪ್ ಒಳಕ್ಕೆ ಜಗ್ಗಿ ಕುಳಿ ಬಿದ್ದಿದೆ, ಎರಡು ಕಡೆ ಹರಿದೇ ಹೋಗಿದೆ. ವಾಲ್ವ್ ತೂತನ್ನ ಬ್ಲೇಡಿನಲ್ಲಿ ಗುಣಿಸು ಚಿಹ್ನೆ ಹಾಗೆ ಸೀಳಿದಾರೆ, ಆ ಸೀಳು ಬೆಳೆದು ಅಂಚಿನ ತನಕ ಹೋಗಿದೆ. ವಾಲ್ವಿನ ನಟ್ಟಿನ ಮೇಲೆ ಕಟಿಂಗ್ ಪ್ಲೇಯರ್ ಹಲ್ಲಿನ ಗುರುತು. ಬೆರಳಿಟ್ಟರೆ ಟೇಪಿನ ಅಂಟು ಜಾರ್ತಾ ಇದೆ, ಅದರ ಕೆಳಗೆ ಹಸಿರು ಲೋಳೆ. ಲೋಳೆ!

ಬಣ್ಣ ನೋಡಿ ಮಾತ್ರ ತೀರ್ಮಾನ ಮಾಡಬೇಡಿ, ಸೈಕಲ್ ಸೀಲೆಂಟಿಗೂ ಕೆಲವರು ಬಣ್ಣ ಹಾಕ್ತಾರೆ. ಎರಡು ಬೆರಳ ನಡುವೆ ಒಂದು ಹನಿ ಹಾಕಿ ತಿಕ್ಕಿ. ಲ್ಯಾಟೆಕ್ಸ್ ಆಗಿದ್ರೆ ಒಣಗ್ತಾ ಒಣಗ್ತಾ ರಬ್ಬರಿನ ಪೊರೆ ಆಗಿ ಉಂಡೆ ಉಂಡೆಯಾಗಿ ಉದುರುತ್ತೆ. ಇದು ತಿಕ್ಕಿದಷ್ಟೂ ಜಾರ್ತಾನೇ ಇತ್ತು, ನಡುವೆ ನಾರು ಸಿಗ್ತಿತ್ತು. ಬೈಕು, ಸ್ಕೂಟರಿನ ಸೀಲೆಂಟ್ ಗ್ಲೈಕಾಲ್ ಮತ್ತು ನಾರು ಸೇರಿಸಿ ಮಾಡಿರೋದು. ಮೊಳೆ ಚುಚ್ಚಿದ ತೂತಿಗೆ ಆ ನಾರು ಹೋಗಿ ಅಡ್ಡ ಕೂರುತ್ತೆ, ಅಷ್ಟಕ್ಕೆ ಮಾಡಿದ್ದು. ಅದು ಒಣಗಿ ರಬ್ಬರ್ ಆಗಲ್ಲ. ಸೈಕಲ್ ಟಯರಿನ ತೆಳು ಗೋಡೆಯಿಂದ, ಬೀಡ್ ಸಂದಿನಿಂದ ಸೋರೋದನ್ನ ನಿಲ್ಲಿಸೋಕೆ ಅದು ಆಗಿಬರಲ್ಲ. ಮೇಲಾಗಿ ಆ ನಾರು ಪ್ರೆಸ್ಟಾ ಅನ್ನೋ ತೆಳು ಸೈಕಲ್ ವಾಲ್ವಿನ ಸಣ್ಣ ಕೋರಿನಲ್ಲಿ ಸಿಕ್ಕಿಕೊಳ್ಳುತ್ತೆ.

ಫೋಟೋ ತೆಗೆದು ವಾಟ್ಸಾಪ್ ಮಾಡಿದ್ದಕ್ಕೆ ಬಂದ ಉತ್ತರಗಳು ಸಾಲಾಗಿ: "ಅದು ಟ್ಯೂಬ್‌ಲೆಸ್ ಟೇಪೇ ಸರ್, ಲೋಕಲ್ ಬ್ರ್ಯಾಂಡ್." ಅಗಲ ಅಳೆದ ಫೋಟೋ ಹಾಕಿದ ಮೇಲೆ, "ಎಲ್ರಿಗೂ ಇದೇ ಹಾಕೋದು, ಯಾರೂ ಕಂಪ್ಲೇಂಟ್ ಮಾಡಿಲ್ಲ." ಬಿಲ್ಲಿನ ಫೋಟೋ ಹಾಕಿದ ಮೇಲೆ, "ನಿಮ್ ರಿಮ್ಮೇ ಟ್ಯೂಬ್‌ಲೆಸ್‌ಗೆ ಆಗಿಬರಲ್ಲ ಸರ್. ಟ್ಯೂಬ್ ಹಾಕ್ಸ್ಕೊಂಬಿಡಿ, ಡಿಸ್ಕೌಂಟ್ ಮಾಡ್ಕೊಡ್ತೀನಿ." ರಿಮ್ ಮೇಲೆ ಟ್ಯೂಬ್‌ಲೆಸ್ ರೆಡಿ ಅಂತ ಬರೆದಿದೆ! ಆಗದೇ ಇರೋ ರಿಮ್ಮಿಗೆ ದುಡ್ಡು ಯಾಕೆ ತಗೊಂಡ್ರಿ ಅಂತ ಕೇಳಿದ್ದಕ್ಕೆ ಉತ್ತರ ಇಲ್ಲ. ನೀಲಿ ಟಿಕ್ ಬಿದ್ದಿದೆ, ಅಷ್ಟೇ. ಟ್ಯೂಬ್ ಬೇಡ ಅಂತ ನಾಲ್ಕು ಸಾವಿರ ಕೊಟ್ಟವರಿಗೆ ಡಿಸ್ಕೌಂಟಿನಲ್ಲಿ ಟ್ಯೂಬ್ ಮಾರೋ ಧೈರ್ಯ ಇದೆಯಲ್ಲ, ಅದು ಇವತ್ತಿಗೂ ಮೈ ಉರಿಸುತ್ತೆ.

ಇನ್ಸುಲೇಷನ್ ಟೇಪ್ ಹಾಕಿದ್ರೆ ಏನಾಗುತ್ತೆ ಅಂತ ಕೇಳೋರು ಇರ್ತಾರೆ, ಅದಕ್ಕೆ ಹೇಳ್ತೀನಿ. ಅದು ಪಿವಿಸಿ, ಎಳೆದ್ರೆ ಹಿಗ್ಗುತ್ತೆ, ಹಿಗ್ಗಲಿ ಅಂತಾನೇ ಮಾಡಿರೋದು. ಚಕ್ರದಲ್ಲಿ ಗಾಳಿಯ ಒತ್ತಡ ಹಗಲೂ ರಾತ್ರಿ ಅದನ್ನ ಕಡ್ಡಿ ತೂತಿನೊಳಕ್ಕೆ ತಳ್ತಾ ಇರುತ್ತೆ, ಅದು ಹಿಗ್ತಾ ಹೋಗುತ್ತೆ. ಅದರ ಅಂಟು ಸೀಲೆಂಟಿನಲ್ಲಿ ನೆನೆದ್ರೆ ಬಿಟ್ಕೊಳ್ಳುತ್ತೆ. ಟ್ಯೂಬ್‌ಲೆಸ್ ಟೇಪ್ ತೆಳುವಾಗಿದ್ರೂ ಅಷ್ಟು ಸುಲಭಕ್ಕೆ ಹಿಗ್ಗಲ್ಲ, ಅಂಟೂ ಸೀಲೆಂಟಿಗೆ ತಡೆಯುತ್ತೆ. ಅಗಲ ರಿಮ್ಮಿನ ಒಳ ಅಗಲಕ್ಕಿಂತ ಮೂರ್ನಾಲ್ಕು ಮಿ.ಮೀ. ಹೆಚ್ಚಿರಬೇಕು. ಆಗ ಅದು ನಡುವಿನ ಹಳ್ಳಕ್ಕಿಳಿದು, ಎರಡೂ ಕಡೆ ಮೇಲಕ್ಕೆ ಹತ್ತಿ, ಬೀಡಿನ ಕೆಳಗೆ ಸಿಕ್ಕಿಕೊಳ್ಳುತ್ತೆ. ಬೀಡೇ ಅದರ ಅಂಚನ್ನ ಅದುಮಿ ಹಿಡಿಯೋದು. ಅಂಚು ಬೀಡಿನ ಕೆಳಗೆ ಹೋಗದೇ ಇದ್ರೆ ಎಷ್ಟು ಸುತ್ತು ಸುತ್ತಿದ್ರೂ ವ್ಯರ್ಥ.

ಸುತ್ತೋದು ಹೀಗೆ. ಹಳೇ ಟೇಪ್ ಕಿತ್ತು, ಅಂಟಿನ ಕೊಳೆ ಪೂರ್ತಿ ಹೋಗೋ ತನಕ ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿ ಬಟ್ಟೆಯಲ್ಲಿ ಒರೆಸಿ. ಸೀಮೆಎಣ್ಣೆ, ಡೀಸೆಲ್ ಬೇಡ, ಎಣ್ಣೆ ಪಸೆ ಉಳಿದ್ರೆ ಟೇಪ್ ಹಿಡಿಯಲ್ಲ. ರಿಮ್ಮಿನ ಪೊಳ್ಳಿನಲ್ಲಿ ಹಳೇ ಸೀಲೆಂಟ್ ಇದ್ರೆ ವಾಲ್ವ್ ತೂತು ಕೆಳಗೆ ಬರೋ ಹಾಗೆ ನಿಲ್ಲಿಸಿ ಬಸಿದುಬಿಡಿ. ಅಮೋನಿಯಾ ಇರೋ ಸೀಲೆಂಟ್ ಒಳಗೇ ಉಳಿದ್ರೆ ಅಲ್ಯುಮಿನಿಯಂ ನಿಪ್ಪಲನ್ನ ತಿನ್ನುತ್ತೆ. ವಾಲ್ವ್ ತೂತಿಗಿಂತ ಒಂದು ಗೇಣು ಹಿಂದೆ ಶುರು ಮಾಡಿ, ಟೇಪನ್ನ ಬಿಗಿಯಾಗಿ ಎಳೀತಾ ಹೋಗಿ, ಒಂದು ಸುತ್ತು ಬಂದು ವಾಲ್ವ್ ತೂತನ್ನ ದಾಟಿ 10–15 ಸೆಂ.ಮೀ. ಮೇಲೆ ಬರೋ ಹಾಗೆ ಕತ್ತರಿಸಿ. ಆಗ ವಾಲ್ವ್ ಇರೋ ಜಾಗದಲ್ಲಿ ಎರಡು ಪದರ ಸಿಗುತ್ತೆ. ಹೆಬ್ಬೆರಳಿನಿಂದ ನಡುವಿನ ಹಳ್ಳದಿಂದ ಅಂಚಿನ ಕಡೆಗೆ ಒತ್ತುತ್ತಾ ಗಾಳಿಗುಳ್ಳೆ ತೆಗೀರಿ. ಸುಕ್ಕು ಬಿದ್ರೆ ಅಲ್ಲೇ ನಿಲ್ಲಿಸಿ ಬಿಚ್ಚಿ ಮತ್ತೆ ಹಾಕಿ, ಸುಕ್ಕಿನ ಸಾಲಿನಲ್ಲೇ ಸೀಲೆಂಟ್ ನುಗ್ಗೋದು. ವಾಲ್ವಿಗೆ ಬ್ಲೇಡ್ ತಾಗಿಸಲೇಬೇಡಿ. ಚೂಪಾದ ದಬ್ಬಣದಲ್ಲಿ ಚಿಕ್ಕ ದುಂಡು ತೂತು ಮಾಡಿ, ಬಿಸಿ ಮಾಡಿಕೊಂಡು ಚುಚ್ಚಿದ್ರೆ ಇನ್ನೂ ಒಳ್ಳೇದು, ಅಂಚು ಕರಗಿ ನಿಲ್ಲುತ್ತೆ, ಹರಿಯಲ್ಲ. ವಾಲ್ವನ್ನ ಒತ್ತಿ ತೂರಿಸಿ. ನಟ್ಟು ಬೆರಳಿನಲ್ಲಿ ಬಿಗಿಯಾದಷ್ಟೇ. ಪ್ಲೇಯರ್ ಹಾಕಿ ತಿರುಗಿಸಿದ್ರೆ ರಬ್ಬರ್ ಬುಡ ಟೇಪನ್ನ ಹರಿದುಕೊಂಡು ತೂತಿನೊಳಕ್ಕೆ ಎಳೆದುಕೊಳ್ಳುತ್ತೆ. ದಾರಿಯಲ್ಲಿ ಟ್ಯೂಬ್ ಹಾಕಬೇಕಾಗಿ ಬಂದ್ರೆ ಆ ನಟ್ಟು ಬಿಚ್ಚೋಕೂ ಬರಲ್ಲ.

ಸೀಲೆಂಟ್ ಹಾಕೋ ಮುಂಚೆ ಬರೀ ಗಾಳಿಯಲ್ಲಿ ಟಯರ್ ಕೂರಿಸಿ ನೋಡಿ. ಕೋರ್ ಬಿಚ್ಚಿ, ಬೀಡಿಗೆ ಸೋಪಿನ ನೀರು ಸವರಿ, ಕಂಪ್ರೆಸರಿನಲ್ಲಿ ಒಂದೇ ಸಲಕ್ಕೆ ಗಾಳಿ ಬಿಟ್ಟರೆ ಟಪ್ ಟಪ್ ಅಂತ ಕೂರುತ್ತೆ. ರಿಮ್ಮಿನ ಪಕ್ಕ ಟಯರ್ ಮೇಲೆ ಒಂದು ಸಣ್ಣ ಗೆರೆ ಇರುತ್ತೆ, ಅದು ಸುತ್ತ ಒಂದೇ ಸಮ ಕಾಣಬೇಕು. ಎಲ್ಲಾದ್ರೂ ಒಳಗೆ ಅಡಗಿದ್ರೆ ಅಲ್ಲಿ ಕೂತಿಲ್ಲ. ಟೇಪ್ ಸರಿ ಇದ್ದು ಬೀಡ್ ಕೂತಿದ್ರೆ ಸೀಲೆಂಟ್ ಇಲ್ಲದೇನೂ ಗಾಳಿ ತಕ್ಷಣ ಇಳಿದುಹೋಗಲ್ಲ, ಸ್ವಲ್ಪ ಹೊತ್ತಾದ್ರೂ ನಿಲ್ಲುತ್ತೆ. ಇದೊಂದು ಪರೀಕ್ಷೆ ಮಾಡಿದ್ರೆ ಆ ಅಂಗಡಿಯವರ ಬಣ್ಣ ಅಲ್ಲೇ ಬಯಲಾಗ್ತಿತ್ತು. ಆಮೇಲೆ ಬಾಟಲಿಯನ್ನ ಚೆನ್ನಾಗಿ ಕುಲುಕಿ (ತೂತು ಮುಚ್ಚೋ ಕಣಗಳು ತಳದಲ್ಲಿ ಕೂತಿರುತ್ತವೆ) ಸಿರಿಂಜಿನಲ್ಲಿ ವಾಲ್ವ್ ಮೂಲಕ ಹಾಕಿ. 700×40ಕ್ಕೆ 60 ಎಂಎಲ್, 28–32ಕ್ಕೆ 30–45, ಎಂಟಿಬಿ (ಗುಡ್ಡಗಾಡಿನ ಸೈಕಲ್) 29×2.25ಕ್ಕೆ 90–120. ನಮ್ಮ ಬೇಸಿಗೆಯಲ್ಲಿ ಇದು ಬೇಗ ಒಣಗುತ್ತೆ. ಮಾರ್ಚ್‌ನಿಂದ ಮೇ ತನಕ ಎರಡು ತಿಂಗಳಿಗೊಮ್ಮೆ ನೋಡಿ ಹಾಕಿ. ಒಂದು ಕಂಪನಿಯದರ ಮೇಲೆ ಇನ್ನೊಂದನ್ನ ಸುರಿಯಬೇಡಿ, ಒಳಗೇ ಗಡ್ಡೆ ಕಟ್ಟಬಹುದು.

ಇನ್ನೊಂದು ವಿಷಯ, ಇದು ದುಡ್ಡಿನ ಮಾತಲ್ಲ, ಜೀವದ ಮಾತು. ಅದೇ ಅಂಗಡಿಯಲ್ಲಿ ಬೀಡ್ ಕೂರ್ತಿಲ್ಲ ಅಂತ ಬೇರೆ ಯಾರದೋ ಚಕ್ರಕ್ಕೆ ಹುಡುಗ ಮೀಟರ್ ನೋಡದೇ ಗಾಳಿ ಬಿಡ್ತಾನೇ ಇದ್ದ. ಹುಕ್‌ಲೆಸ್ ರಿಮ್ (ಬೀಡ್ ಹಿಡಿಯೋ ಕೊಕ್ಕೆಯಂಥ ಅಂಚು ಇಲ್ಲದ್ದು) ಆಗಿದ್ರೆ ರಸ್ತೆ ಸೈಕಲ್ ಟಯರಿಗೆ ಮಿತಿ 5 ಬಾರ್, ಅಂದ್ರೆ 72.5 ಪಿಎಸ್‌ಐ, ದಾಟೋ ಹಾಗಿಲ್ಲ. ಟಯರಿನ ಮೇಲೆ ಅಚ್ಚಾದ ಮಿತಿ ಅದಕ್ಕಿಂತ ಕಡಿಮೆ ಇದ್ರೆ ಅದೇ ಲೆಕ್ಕ. ಟ್ಯೂಬ್‌ಲೆಸ್ ರೆಡಿ ಅಲ್ಲದ ಮಾಮೂಲಿ ಟಯರನ್ನ "ನಡೆಯುತ್ತೆ ಸರ್" ಅಂತ ಹಾಕೋಕೆ ಬಂದ್ರೆ ಒಪ್ಪಲೇಬೇಡಿ. ಅದರ ಬೀಡ್ ಹಿಗ್ಗಿ ಇಳಿಜಾರಿನಲ್ಲಿ ಟಯರ್ ರಿಮ್ ಬಿಟ್ಟು ಹಾರಿದ್ರೆ ಯಾವ ಅಂಗಡಿಯವನೂ ಬರಲ್ಲ.

ಮಾಡಿಸಲೇಬೇಕು ಅಂದ್ರೆ ಟೇಪು, ವಾಲ್ವು, ಸೀಲೆಂಟ್ ಮೂರನ್ನೂ ನೀವೇ ತಗೊಂಡು ಹೋಗಿ. ಅಂಗಡಿಯದನ್ನೇ ಹಾಕಿಸೋದಾದ್ರೆ ಟೇಪಿನ ಅಗಲ, ಸೀಲೆಂಟಿನ ಹೆಸರು, ಎಷ್ಟು ಎಂಎಲ್ ಅನ್ನೋದನ್ನ ಬಿಲ್ಲಿನಲ್ಲಿ ಬರೆಸಿ, ಸುತ್ತೋವಾಗ ಎದುರಿಗೇ ನಿಂತ್ಕೊಳ್ಳಿ. "ಬಿಟ್ಟೋಗಿ ಸರ್, ಸಂಜೆ ಬನ್ನಿ" ಅಂತ ಹೇಳಿದ್ರೆ ಚಕ್ರ ಎತ್ಕೊಂಡು ವಾಪಸ್ ಬನ್ನಿ. ಗಾಳಿ ಇಳೀತು ಅಂತ ಯಾರಾದ್ರೂ ಇನ್ನೊಂದು ಬಾಟಲಿ ಸೀಲೆಂಟ್ ತೋರಿಸಿದ್ರೆ, ಮೊದಲು ಕಡ್ಡಿ ಬುಡಕ್ಕೆ ಸೋಪಿನ ನೀರು ಹಾಕಿ ತೋರಿಸು ಅಂತ ಹೇಳಿ. ತೋರಿಸೋ ತನಕ ಒಂದು ರೂಪಾಯಿನೂ ಬಿಚ್ಚಬೇಡಿ.