ನದಿಯಂಚಿನ ಹೊಲಕ್ಕೆ ಯಾವ ಕಳೆನಾಶಕ: ಅಟ್ರಜಿನ್ ಅಥವಾ ಗ್ಲೈಫೋಸೇಟ್?

ಅಟ್ರಜಿನ್ ಮಣ್ಣಿಗೆ ಬಿಗಿಯಾಗಿ ಅಂಟಿಕೊಳ್ಳದೆ ಮಳೆನೀರಿನೊಡನೆ ನದಿಗೂ ಅಂತರ್ಜಲಕ್ಕೂ ಸಾಗುತ್ತದೆ. ಅಲ್ಲಿ ಪಾಚಿಯ ದ್ಯುತಿಸಂಶ್ಲೇಷಣೆಯನ್ನು ತಡೆದು, ಮೀನುಗಳ ಆಹಾರ ಸರಪಳಿಯನ್ನು ಬುಡದಲ್ಲಿಯೇ ದುರ್ಬಲಗೊಳಿಸುತ್ತದೆ. ಅಮೆರಿಕದಲ್ಲಿ ಕುಡಿಯುವ ನೀರಿಗೆ ನಿಗದಿಯಾದ ಇದರ ಮಿತಿ ಲೀಟರಿಗೆ 3 ಮೈಕ್ರೊಗ್ರಾಂ, ಗ್ಲೈಫೋಸೇಟಿನದು 700.

ಈ ಅಂತರವನ್ನು ಕಂಡು ಗ್ಲೈಫೋಸೇಟ್ ನಿರಪಾಯಕಾರಿ ಎಂದುಕೊಳ್ಳುವುದು ಅವಸರದ ತೀರ್ಮಾನವಾದೀತು. ಅದು ಮಣ್ಣಿಗೆ ಅಂಟಿಕೊಂಡರೂ ಕೊಚ್ಚಿಹೋಗುವ ಮಣ್ಣಿನೊಡನೆಯೇ ನದಿಯನ್ನು ಸೇರಬಲ್ಲದು; ಸಿಂಪಡಿಸಿದ ದ್ರಾವಣ ಎಲೆಗೆ ಹಿಡಿಯಲೆಂದು ಕೆಲವು ತಯಾರಿಕೆಗಳಲ್ಲಿ ಬೆರೆಸುವ ಸಹಾಯಕ ರಾಸಾಯನಿಕಗಳು ಮೀನುಗಳಿಗೆ ಗ್ಲೈಫೋಸೇಟಿಗಿಂತಲೂ ಹೆಚ್ಚು ವಿಷಕಾರಿ; ಅಲ್ಲದೆ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ ವಸ್ತುಗಳ ಗುಂಪಿಗೆ ಸೇರಿಸಿದೆ.

ಕುಡಿಯುವ ನೀರಿನ ದೃಷ್ಟಿಯಿಂದ ನಾನು ಅಟ್ರಜಿನ್ನನ್ನೇ ಮೊದಲು ಕೈಬಿಡುವೆ. ಗ್ಲೈಫೋಸೇಟ್ ಆರಿಸುವವರು ನೀರಿನ ಬಳಿ ಬಳಸಲು ಅನುಮತಿಯಿರುವ ತಯಾರಿಕೆಯನ್ನೇ ಕೊಂಡು, ದಡದುದ್ದಕ್ಕೂ ಹುಲ್ಲಿನ ಪಟ್ಟಿಯನ್ನು ಉಳಿಸಿಕೊಳ್ಳಬೇಕು.