ಅಹ್ಮದನಗರದ ಟ್ಯಾಂಕೋ, ಗೋವಾದ ವಿಮಾನವೋ? ವಿಜಯಪುರದಿಂದ ಹೊರಡುವವರಿಗೆ

ಸೇನೆಯ ಹಳೆಯ ಯಂತ್ರಗಳನ್ನು ನೋಡಲು ವಿಜಯಪುರದಿಂದ ಕಾರು ತೆಗೆದರೆ ಎರಡು ದಿಕ್ಕು. ಸೊಲ್ಲಾಪುರ, ಕರಮಾಳಾ ಹಾಯ್ದು ಅಹ್ಮದನಗರದ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ. ಊರಿಗೆ ಈಗ ಅಹಿಲ್ಯಾನಗರ ಎಂದು ಹೆಸರು. ಇಲ್ಲವೇ ಬೆಳಗಾವಿ ದಾಟಿ, ಚೋರ್ಲಾ ಘಾಟ್ ಇಳಿದು ಗೋವಾದ ಬೊಗ್ಮಾಲೊದಲ್ಲಿರುವ ನೌಕಾ ವಿಮಾನ ಮ್ಯೂಸಿಯಂ. ಎರಡೂ ಮುನ್ನೂರು ಕಿಲೋಮೀಟರ್ ಮೇಲೆಯೇ. ನಾನು ಎರಡನ್ನೂ ನೋಡಿದ್ದೇನೆ. ಒಂದಕ್ಕೇ ರಜೆ ಸಿಗುತ್ತದೆ ಎನ್ನುವವರಿಗೆ ಅಹ್ಮದನಗರ ಎಂದೇ ಹೇಳುತ್ತೇನೆ.

ದಾರಿಯ ಮಾತು ಬಂದರೆ ಗೋವಾ ಗೆಲ್ಲುತ್ತದೆ. ಮಳೆಗಾಲದ ಚೋರ್ಲಾದ ಹಸಿರಿನ ಮುಂದೆ ಸೊಲ್ಲಾಪುರದಾಚೆಯ ಬಯಲು, ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಬೇಸರ ತರಿಸುತ್ತವೆ. ಊಟಕ್ಕೆ ಮಾತ್ರ ಚಿಂತೆಯಿಲ್ಲ; ಜೋಳದ ಭಕ್ರಿ, ಶೇಂಗಾ ಚಟ್ನಿ ಆ ಸೀಮೆಯಲ್ಲೂ ನಮ್ಮವೇ.

ಅಹ್ಮದನಗರದ ಹೆಚ್ಚುಗಾರಿಕೆ ಇರುವುದು ಎದುರಾಳಿಗಳನ್ನು ಒಂದೇ ಅಂಗಳದಲ್ಲಿ ನಿಲ್ಲಿಸಿರುವುದರಲ್ಲಿ. 1965ರಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ನಮ್ಮ ಸೆಂಚೂರಿಯನ್ ಟ್ಯಾಂಕುಗಳು ಪಾಕಿಸ್ತಾನದ ಪ್ಯಾಟನ್‌ಗಳನ್ನು ತಡೆದದ್ದನ್ನು ಶಾಲೆಯಲ್ಲಿ ಓದಿದ್ದೆವು. ಇಲ್ಲಿ ಎರಡೂ ಇವೆ, ಸುತ್ತು ಹಾಕಿ ನೋಡಬಹುದು. ಪಿಟಿ-76 ಮುಂದೆ ನಾನು ಬಹಳ ಹೊತ್ತು ನಿಂತೆ. ಹದಿನಾಲ್ಕು ಟನ್ನಿನ ಹಗುರ ಟ್ಯಾಂಕ್, ತೆಳುವಾದ ಕವಚ. ಅಣ್ಣನ ಮಗಳು ಹಿಂಬದಿಯ ಕಿಂಡಿಗಳನ್ನು ತೋರಿಸಿ, ‘ಕಾಕಾ, ಇದು ಖರೇನ ನೀರಾಗ ತೇಲತೈತೇನ್ರಿ?’ ಎಂದಳು. ತೇಲುತ್ತದೆ, ಆ ಕಿಂಡಿಗಳಿಂದ ನೀರನ್ನು ಹಿಂದಕ್ಕೆ ಚಿಮ್ಮಿಸಿ ಮುಂದೆ ಸಾಗುತ್ತದೆ. ಬಂಗಾಳದ ಹೊಳೆ, ಕೆಸರಿನ ನೆಲಕ್ಕೆ ಬೇಕಾದದ್ದು ಇಂಥದೇ. 1971ರ ನವೆಂಬರಿನಲ್ಲಿ ಆಗಿನ ಪೂರ್ವ ಪಾಕಿಸ್ತಾನದ ಗರೀಬ್‌ಪುರದಲ್ಲಿ ನಮ್ಮ ಸೇನೆಯ 45 ಕ್ಯಾವಲ್ರಿ ಎಂಬ ಟ್ಯಾಂಕ್ ರೆಜಿಮೆಂಟಿನ ಹದಿನಾಲ್ಕು ಪಿಟಿ-76ಗಳು ಪಾಕಿಸ್ತಾನದ ಶಾಫೀ ಟ್ಯಾಂಕುಗಳ ದಳವನ್ನು ನೆಲಕಚ್ಚಿಸಿದವು. ಆ ಶಾಫೀ ಜಾತಿಯದೂ ಇಲ್ಲಿದೆ. ಎರಡರ ಕವಚ, ತೋಪಿನ ಕೊಳವೆ, ಎತ್ತರ ಹೋಲಿಸಿದಾಗ ಅಂದು ಪಿಟಿ-76 ಒಳಗೆ ಕೂತಿದ್ದ ಹುಡುಗರ ಧೈರ್ಯ ಎಂಥದು ಎಂದು ತಿಳಿಯುತ್ತದೆ.

ಇನ್ನು ರೋಲ್ಸ್-ರಾಯ್ಸ್ ಕಾರಿಗೆ ಉಕ್ಕು ಹೊದಿಸಿದ ಕವಚ ವಾಹನದಿಂದ ಹಿಡಿದು ಜಪಾನಿನ ಪುಟ್ಟ ಟ್ಯಾಂಕು, ಆವಡಿಯಲ್ಲಿ ತಯಾರಾದ ವಿಜಯಂತದವರೆಗೆ ಸುಮಾರು ಐವತ್ತು ವಾಹನಗಳಿವೆ.

ವಿಜಯಪುರದವರಿಗೆ ಮತ್ತೂ ಒಂದು ಕಾರಣವಿದೆ. ನಮ್ಮ ಮಲಿಕ್-ಎ-ಮೈದಾನ್ ತೋಪು ಎರಕಗೊಂಡದ್ದು 1549ರಲ್ಲಿ, ಅಹ್ಮದನಗರದಲ್ಲೇ. ಸುಮಾರು 55 ಟನ್ ತೂಕದ ಅದನ್ನು ಪರಂಡಾ ಕೋಟೆಯಿಂದ ನಮ್ಮೂರಿಗೆ ಎಳೆದು ತಂದದ್ದು ಎತ್ತು, ಆನೆಗಳ ಬಲದಿಂದ. ಹೆಚ್ಚುಕಡಿಮೆ ಅಷ್ಟೇ ಭಾರದ ಸೆಂಚೂರಿಯನ್ ತನ್ನ ಇಂಜಿನ್ನಿನಿಂದ ತಾನೇ ಓಡುತ್ತಿತ್ತು ಎಂಬುದನ್ನು ಆ ಊರಲ್ಲೇ ನಿಂತು ಯೋಚಿಸುವ ಸುಖ ಗೋವಾದಲ್ಲಿ ಸಿಗದು.

ಗೋವಾದ ಮ್ಯೂಸಿಯಂ ಕಡಿಮೆಯದಲ್ಲ. ನಾಲ್ಕು ಇಂಜಿನ್ನಿನ ಸೂಪರ್ ಕಾನ್‌ಸ್ಟೆಲೇಶನ್ ಒಂದನ್ನೇ ಗಂಟೆಗಟ್ಟಲೆ ನೋಡಬಹುದು. ಸೀ ಹಾಕ್, ಅಲಿಝೆ 1971ರಲ್ಲಿ ವಿಮಾನವಾಹಕ ಹಡಗು ವಿಕ್ರಾಂತ್ ಮೇಲಿಂದ ಹಾರಿದಂಥ ವಿಮಾನಗಳು. ಹಡಗಿನಲ್ಲಿ ಜಾಗ ಉಳಿಸಲು ಅವುಗಳ ರೆಕ್ಕೆ ಮಡಚುವಂತಿವೆ. ನೆಟ್ಟಗೆ ಕೆಳಗಿಳಿಯಬಲ್ಲ ಸೀ ಹ್ಯಾರಿಯರ್ ಕೂಡ ಇದೆ. ಆದರೆ ಈ ವಿಮಾನಗಳ ಅರ್ಧ ಕತೆ ಹಡಗಿನದು, ಆ ಹಳೆಯ ವಿಕ್ರಾಂತ್ 2014ರಲ್ಲೇ ಗುಜರಿಗೆ ಹೋಯಿತು. ಹಡಗಿನ ಅಷ್ಟು ಚಿಕ್ಕ ಅಟ್ಟದ ಮೇಲೆ ಇಳಿಯುವುದೆಂದರೇನು ಎಂಬುದು ಬಯಲಲ್ಲಿ ನಿಂತ ವಿಮಾನ ನೋಡಿ ಗೊತ್ತಾಗುವುದಿಲ್ಲ. ಕಡಲ ಉಪ್ಪುಗಾಳಿಗೆ ಅವು ಬಯಲಲ್ಲೇ ನಿಂತಿರುವುದು ನೋಡಿ ಸಂಕಟವೂ ಆಯಿತು. ಮೇಲೊಂದು ಸೂರು ಬೇಕೇ ಬೇಕು.

ತೀರ ಚಿಕ್ಕ ಮಕ್ಕಳಿದ್ದರೆ, ಇಲ್ಲವೇ ಮನೆಯಲ್ಲಿ ಸಮುದ್ರ ಬೇಕೆನ್ನುವವರೇ ಹೆಚ್ಚಿದ್ದರೆ ಗೋವಾಕ್ಕೇ ಹೋಗಿ; ಬೀಚು ಪಕ್ಕದಲ್ಲೇ ಇದೆ. ಸೋಮವಾರ ಮ್ಯೂಸಿಯಂ ಮುಚ್ಚಿರುತ್ತದೆ. ಅಹ್ಮದನಗರಕ್ಕಾದರೆ ಎಲ್ಲರ ಗುರುತಿನ ಚೀಟಿ ಜೊತೆಗಿರಲಿ, ಅದು ಸೇನೆಯ ಜಾಗ. ಬೇಸಿಗೆಯಲ್ಲಿ ಬೆಳಗ್ಗೆಯೇ ಹೋಗಿ. ಬಿಸಿಲೇರಿದ ಮೇಲೆ ಆ ಉಕ್ಕನ್ನು ಮುಟ್ಟಲಾಗದು.