ಹಳೇ ರೂಪ, ಹೊಸ ಎಂಜಿನ್: ನಮ್ಮ ಮನೆಯ ಜಾವಾ

ಮೈಸೂರಿನವರಿಗೆ ಜಾವಾ ಅಂದ್ರೆ ಸುಮ್ನೆ ಒಂದು ಬೈಕ್ ಅಲ್ಲ. 1961ರಿಂದ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆ ನಮ್ಮೂರಲ್ಲೇ ಇತ್ತು ಅಲ್ವಾ. 2018ರಲ್ಲಿ ಜಾವಾ ಬೈಕ್ ಮತ್ತೆ ಮಾರುಕಟ್ಟೆಗೆ ಬಂದಾಗ ಮೆರೂನ್ ಬಣ್ಣದ್ದನ್ನೇ ತೆಗೆದುಕೊಂಡೆ.

ಬೆಳಗ್ಗೆ ಬಟ್ಟೆಯಲ್ಲಿ ಒರೆಸುವಾಗ ಟ್ಯಾಂಕಿನ ಕ್ರೋಮ್‌ನಲ್ಲಿ ಇಡೀ ಬೀದಿ ಬಾಗಿ ಕಾಣುತ್ತದೆ, ಹೆಡ್‌ಲೈಟಿನ ಗೂಡಲ್ಲೇ ಸ್ಪೀಡೋಮೀಟರ್ ಕೂತಿದೆ, ಹಿಂದೆ ಎರಡೂ ಕಡೆ ಉದ್ದನೆಯ ಸೈಲೆನ್ಸರ್. ಆ ಅಂದ ನೋಡುತ್ತಾ ನಿಂತರೆ ಆಫೀಸಿಗೆ ತಡವಾಗುತ್ತದೆ. ಒಳಗೆ ಮಾತ್ರ ಎಲ್ಲ ಹೊಸದು. 293 ಸಿಸಿ ಎಂಜಿನ್, ಅದನ್ನು ದ್ರವದಿಂದ ತಣ್ಣಗಿಡುವ ಲಿಕ್ವಿಡ್ ಕೂಲಿಂಗ್, ನಾಲ್ಕು ಸ್ಟ್ರೋಕ್. ಅಪ್ಪನ ಕಾಲದ್ದು ಎರಡು ಸ್ಟ್ರೋಕ್, ಅದನ್ನು ಸ್ಟಾರ್ಟ್ ಮಾಡುವ ಕಿಕ್ಕರೇ ಗೇರ್ ಲಿವರ್ ಕೂಡ ಆಗಿತ್ತು. ಇದರಲ್ಲಿ ಬಟನ್ ಒತ್ತಿದರೆ ಸಾಕು. ಶ್ರೀರಂಗಪಟ್ಟಣದ ಕಡೆ ನಿಧಾನವಾಗಿ ಹೋಗುವಾಗ ವಯಸ್ಸಾದವರು ನಿಲ್ಲಿಸಿ ಮಾತಾಡಿಸುತ್ತಾರೆ. ಅದು ನನಗೆ ಮೈಲೇಜಿಗಿಂತ ಜಾಸ್ತಿ.